ದೊಡ್ಡ ಬ್ರೇಕಿನ ಮೇಲೆ ಹದಿನೇಳು ಇಂಚಿನ ಚಕ್ರ: ಟೊಯೊಟಾ ಜಿಟಿ86ರಲ್ಲಿ ಓಝಡ್ ಅಲ್ಟ್ರಾಲೆಜೆರಾ, ಕೆಲವು ವರ್ಷಗಳ ಬಳಕೆಯ ನಂತರ

ದೊಡ್ಡ ಬ್ರೇಕ್ ಹಾಕಿಸಿದ ಕಾರಿಗೆ ಚಕ್ರ ಹುಡುಕುವವರೆಲ್ಲ ಮೊದಲು ಕೇಳುವುದು 'ಎಷ್ಟು ಇಂಚು ಬೇಕು?' ಎಂದು. ಹದಿನೆಂಟಿಲ್ಲದೆ ಆಗುವುದೇ ಇಲ್ಲ ಎಂದು ಅಂಗಡಿಯವರು ಹೇಳುತ್ತಾರೆ, ಗೆಳೆಯರೂ ತಲೆಯಾಡಿಸುತ್ತಾರೆ. ನಾನು ಒಪ್ಪುವುದಿಲ್ಲ. ನನ್ನ ಟೊಯೊಟಾ ಜಿಟಿ86ಕ್ಕೆ ಮುಂದೆ ನಾಲ್ಕು ಪಿಸ್ಟನ್‌ಗಳ ಕ್ಯಾಲಿಪರ್ (ಬ್ರೇಕ್ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ) ಮತ್ತು 328 ಮಿ.ಮೀ. ಡಿಸ್ಕ್ ಕೂರಿಸಿ, ಅದರ ಮೇಲೆ ಇಟಲಿಯ ಓಝಡ್ ಸಂಸ್ಥೆಯ ಅಲ್ಟ್ರಾಲೆಜೆರಾ ಚಕ್ರಗಳನ್ನು 17 ಇಂಚಿನಲ್ಲೇ ಹಾಕಿ ಕೆಲವು ವರ್ಷಗಳಿಂದ ಓಡಿಸುತ್ತಿದ್ದೇನೆ. ಬ್ರೇಕ್ ಒಳಗೆ ಹಿಡಿಸುತ್ತದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಚಕ್ರದ ಬೆನ್ನು, ಅಂದರೆ ಕಡ್ಡಿಗಳ ಒಳಮೈ. ಅಂಗಡಿಯ ಚಿತ್ರಗಳಲ್ಲಿ ಯಾರೂ ತೋರಿಸದ ಭಾಗ ಅದು.

ಬೆಂಗಳೂರಿನ ಆಡುಗೋಡಿಯಲ್ಲಿ ಉದ್ಯೋಗ ಆರಂಭಿಸಿದ ನಾನು ಈಗ ಇರುವುದು ಜರ್ಮನಿಯ ಸ್ಟುಟ್‌ಗಾರ್ಟ್ ಬಳಿ. ಕಾರು 2 ಲೀಟರ್ ಬಾಕ್ಸರ್ ಎಂಜಿನ್‌ನದು, 200 ಅಶ್ವಶಕ್ತಿ, ತೂಕ ಸಾವಿರದ ಇನ್ನೂರೈವತ್ತು ಕಿಲೋ ಆಸುಪಾಸು. ಈ ತೂಕಕ್ಕೆ ಕಂಪನಿಯ 294 ಮಿ.ಮೀ. ಮುಂದಿನ ಡಿಸ್ಕ್ ಊರೊಳಗೆ ಧಾರಾಳವಾಗಿ ಸಾಕು. ಸಾಲದೆ ಹೋಗುವುದು ನ್ಯೂರ್‌ಬರ್ಗ್‌ರಿಂಗ್ ರೇಸ್ ಟ್ರ್ಯಾಕಿನ ನಾರ್ಡ್‌ಶ್ಲೈಫೆಯಲ್ಲಿ. ಒಂದು ಸುತ್ತೆಂದರೆ 20.8 ಕಿ.ಮೀ. ಕಾಲೆನ್‌ಹಾರ್ಡ್ ತಿರುವಿನಿಂದ ವೇರ್‌ಸೈಫೆನ್ ದಾಟಿ ಬ್ರೈಡ್‌ಶೈಡ್ ಸೇತುವೆಯವರೆಗೆ ರಸ್ತೆ ಇಳಿಯುತ್ತಲೇ ಹೋಗುತ್ತದೆ. ಒಂದು ಬ್ರೇಕಿನ ಬಿಸಿ ಆರುವ ಮೊದಲೇ ಇನ್ನೊಂದು ಬ್ರೇಕ್. ಲೆಕ್ಕ ಸರಳ: ಗಂಟೆಗೆ 180 ಕಿ.ಮೀ. ವೇಗವನ್ನು 90ಕ್ಕೆ ಇಳಿಸಿದರೆ ವೇಗ ಅರ್ಧವಾಯಿತು, ಆದರೆ ಕಾರಿನ ಚಲನಶಕ್ತಿಯ ಮುಕ್ಕಾಲು ಪಾಲು ಶಾಖವಾಗಿ ಬಹುತೇಕ ಡಿಸ್ಕಿಗೆ ಸೇರಿತು. ಅದರ ಹೆಚ್ಚಿನ ಭಾಗ ಮುಂದಿನ ಎರಡು ಡಿಸ್ಕುಗಳ ಪಾಲು.

ಇಲ್ಲೊಂದು ಮಾತು ಹೇಳಲೇಬೇಕು. ವರ್ಷಕ್ಕೊಮ್ಮೆ ಟ್ರ್ಯಾಕಿಗೆ ಹೋಗುವವರಿಗೆ ದೊಡ್ಡ ಬ್ರೇಕ್ ಬೇಕಾಗಿಯೇ ಇಲ್ಲ. ಒಳ್ಳೆಯ ಪ್ಯಾಡ್, ಹೆಚ್ಚು ಶಾಖಕ್ಕೆ ಕುದಿಯುವ ಹೊಸ ಬ್ರೇಕ್ ಆಯಿಲ್, ಇಷ್ಟರಲ್ಲಿ ಮುಗಿಯುತ್ತದೆ. ಚಕ್ರದ ತಲೆನೋವೂ ಬರುವುದಿಲ್ಲ. ನಾನು ಆ ಹಂತವನ್ನು ದಾಟಿದ ಮೇಲೆಯೇ ಕಿಟ್ ಕೊಂಡದ್ದು. ಕೊಳ್ಳುವಾಗಲೂ ಪಿಸ್ಟನ್‌ಗಳ ಒಟ್ಟು ವಿಸ್ತೀರ್ಣ ಕಂಪನಿ ಕ್ಯಾಲಿಪರ್‌ನದಕ್ಕೆ ಹತ್ತಿರವಿರುವುದನ್ನೇ ಆರಿಸಿದೆ. ಇಲ್ಲವಾದರೆ ಮುಂದು-ಹಿಂದಿನ ಬ್ರೇಕ್ ಹಂಚಿಕೆಯೇ ಏರುಪೇರಾಗುತ್ತದೆ.

ಈಗ ಅಸಲು ವಿಷಯಕ್ಕೆ. ಕಂಪನಿಯ ಕ್ಯಾಲಿಪರ್ ತೇಲುವ ಮಾದರಿಯದು. ಅದರ ಪಿಸ್ಟನ್‌ಗಳು ಡಿಸ್ಕಿನ ಒಳಬದಿಯಲ್ಲಿ ಮಾತ್ರ ಇರುತ್ತವೆ. ಹೊರಬದಿಯಲ್ಲಿ, ಅಂದರೆ ಚಕ್ರದ ಕಡ್ಡಿಗಳ ಕಡೆಗೆ, ತೆಳುವಾದ ಕೈ ಮಾತ್ರ ಚಾಚಿರುತ್ತದೆ. ನಾಲ್ಕು ಪಿಸ್ಟನ್‌ಗಳ ಸ್ಥಿರ ಕ್ಯಾಲಿಪರ್‌ನಲ್ಲಿ ಎರಡೂ ಬದಿಗೆ ಪಿಸ್ಟನ್‌ಗಳಿರುವುದರಿಂದ ಹೊರಬದಿಯೂ ದಪ್ಪವಾಗಿ ಉಬ್ಬಿರುತ್ತದೆ. ಹಾಗಾಗಿ ಮೊದಲು ತಗಲುವುದು ಬಹುಪಾಲು ಈ ಉಬ್ಬು, ಕಡ್ಡಿಯ ಬೆನ್ನಿಗೆ. ಡಿಸ್ಕಿನ ವ್ಯಾಸ ದೊಡ್ಡದಾದದ್ದರ ಪರಿಣಾಮ ಬೇರೆ ಕಡೆ, ರಿಮ್ಮಿನ ಒಳಗೋಡೆಗೆ. ಇವೆರಡೂ ಬೇರೆ ಬೇರೆ ಅಳತೆಗಳು. ಒಂದರಲ್ಲಿ ಜಾಗ ಇದ್ದ ಮಾತ್ರಕ್ಕೆ ಇನ್ನೊಂದರಲ್ಲಿ ಇರುತ್ತದೆ ಎನ್ನುವಂತಿಲ್ಲ. ಕಡ್ಡಿಗಳು ಚಪ್ಪಟೆಯಾಗಿರುವ 18 ಇಂಚಿನ ಚಕ್ರ ಕ್ಯಾಲಿಪರ್‌ಗೆ ಉಜ್ಜಬಹುದು, ಹೊರಕ್ಕೆ ಬಾಗಿದ ಕಡ್ಡಿಗಳ 17 ಇಂಚಿನದು ಆರಾಮವಾಗಿ ಕೂರಬಹುದು.

ಆಫ್‌ಸೆಟ್ ಬಗ್ಗೆಯೂ ಗೊಂದಲ ಬಹಳ. ಚಕ್ರ ಹಬ್‌ಗೆ (ಚಕ್ರವನ್ನು ಬಿಗಿಯುವ ನಡುಭಾಗಕ್ಕೆ) ಕೂರುವ ಮೈ ರಿಮ್ಮಿನ ನಡುಗೆರೆಯಿಂದ ಎಷ್ಟು ಮಿ.ಮೀ. ಹೊರಗಿದೆ ಎಂಬ ಅಳತೆ ಅದು, ಚಕ್ರದ ಮೇಲೆ ಇಟಿ ಎಂದು ಬರೆದಿರುತ್ತದೆ. ಕಂಪನಿ ಚಕ್ರದ ಅಗಲ 7 ಇಂಚು, ಇಟಿ 48. ನಾನು ಕೊಂಡದ್ದು 8 ಇಂಚು, ಇಟಿ ಅದೇ 48. ಇಟಿ ಒಂದೇ ಇರುವುದರಿಂದ ಹೆಚ್ಚಾದ ಒಂದು ಇಂಚು ಸರಿಯಾಗಿ ಅರ್ಧರ್ಧ ಹಂಚಿಹೋಗುತ್ತದೆ: 12.7 ಮಿ.ಮೀ. ಒಳಗೆ ಸಸ್ಪೆನ್ಷನ್ ಕಡೆಗೆ, 12.7 ಮಿ.ಮೀ. ಹೊರಗೆ ಫೆಂಡರ್ ಕಡೆಗೆ. ಇದು ರಿಮ್ಮಿನ ಅಂಚುಗಳ ಮಾತಾಯಿತು. ಕಡ್ಡಿಯ ಬೆನ್ನು ಹಬ್‌ನಿಂದ ಎಷ್ಟು ದೂರದಲ್ಲಿ ಹೊರಕ್ಕೆ ಬಾಗುತ್ತದೆ ಎಂಬುದನ್ನು ಈ ಸಂಖ್ಯೆ ಹೇಳುವುದೇ ಇಲ್ಲ. ಅದನ್ನು ತಿಳಿಯಲು ಬ್ರೇಕ್ ತಯಾರಕರ ನಕ್ಷೆಯನ್ನು ನಿಜ ಅಳತೆಯಲ್ಲಿ ಮುದ್ರಿಸಿ, ದಪ್ಪ ರಟ್ಟಿಗೆ ಅಂಟಿಸಿ, ಕತ್ತರಿಸಿ, ಚಕ್ರವನ್ನು ಮಗುಚಿ ಒಳಗಿಟ್ಟು ನೋಡಬೇಕು. ಮುದ್ರಕ ತಾನಾಗಿಯೇ ಪುಟಕ್ಕೆ ಹೊಂದಿಸಿ ಚಿತ್ರವನ್ನು ಚಿಕ್ಕದು ಮಾಡಿರುತ್ತದೆ, ಎಚ್ಚರ. ನಕ್ಷೆಯಲ್ಲಿರುವ ಅಳತೆಗೆರೆಯನ್ನು ಸ್ಕೇಲಿಟ್ಟು ಪರೀಕ್ಷಿಸಿದ ಮೇಲೆಯೇ ಕತ್ತರಿಗೆ ಕೈ ಹಾಕಿ.

ರಟ್ಟಿನ ಪರೀಕ್ಷೆ ಪಾಸಾದರೂ ನನಗೆ ನೆಮ್ಮದಿ ಇರಲಿಲ್ಲ. ಮಕ್ಕಳು ಆಡುವ ಜೇಡಿಮಣ್ಣನ್ನು ಕ್ಯಾಲಿಪರ್‌ಗೆ ಮೆತ್ತಿ ನೋಡುವುದು ರೂಢಿ. ಭಾನುವಾರ ಇಲ್ಲಿ ಅಂಗಡಿಗಳು ಮುಚ್ಚಿರುತ್ತವೆ, ಅಡುಗೆಮನೆಯಲ್ಲಿ ಕಲಸಿಟ್ಟ ಹಿಟ್ಟು ಇತ್ತು. 'ಇದು ಚಪಾತಿಗೋ, ಕಾರಿಗೋ?' ಎಂದು ಹೆಂಡತಿ ಕೇಳಿದಳು. ಕ್ಯಾಲಿಪರ್‌ನ ಹೊರಮೈಯಲ್ಲಿ ಎರಡು ಉಂಡೆ, ಮೇಲಿನ ಮೂಲೆಯಲ್ಲಿ ಒಂದು ಉಂಡೆ ಅಂಟಿಸಿ, ಚಕ್ರಕ್ಕೆ ಸ್ವಲ್ಪ ಎಣ್ಣೆ ಸವರಿ, ನಟ್‌ಗಳನ್ನು ಬಿಗಿದು ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಿದೆ. ಚಕ್ರ ಬಿಚ್ಚಿದಾಗ ಮೂಲೆಯ ಉಂಡೆ ದಪ್ಪಗೇ ಉಳಿದಿತ್ತು. ಹೊರಮೈಯ ಉಂಡೆ ಮಾತ್ರ ಹಪ್ಪಳವಾಗಿತ್ತು, ಅದರ ಮೇಲೆ ಕಡ್ಡಿ ಹಾದುಹೋದ ಗೆರೆ ಸ್ಪಷ್ಟವಾಗಿ ಮೂಡಿತ್ತು. ಚಾಕುವಿನಿಂದ ಕತ್ತರಿಸಿ ಅಳೆದರೆ ಎರಡು ಮಿ.ಮೀ.ಗಿಂತ ಕಡಿಮೆ. ಬ್ರೇಕ್ ತಯಾರಕರು ಕೇಳುವುದು ಕನಿಷ್ಠ ಮೂರು. ತಿರುವಿನಲ್ಲಿ ಚಕ್ರ ಬಾಗುತ್ತದೆ, ಬೇರಿಂಗ್‌ನಲ್ಲಿ ಸ್ವಲ್ಪ ಆಟ ಇರುತ್ತದೆ, ಬಿಸಿಗೆ ಲೋಹ ಹಿಗ್ಗುತ್ತದೆ, ಇವೆಲ್ಲದರ ಜೊತೆಗೆ ಸಣ್ಣ ಕಲ್ಲೊಂದು ಸಿಕ್ಕಿಕೊಳ್ಳದಂತೆ ಜಾಗ ಬೇಕು. ಹೀಗಾಗಿ ಮುಂದಿನ ಎರಡು ಚಕ್ರಗಳಿಗೆ ಐದು ಮಿ.ಮೀ. ಸ್ಪೇಸರ್, ಅಂದರೆ ಹಬ್ ಮತ್ತು ಚಕ್ರದ ನಡುವೆ ಕೂರುವ ಬಿಲ್ಲೆ, ಸೇರಿತು.

ಸ್ಪೇಸರ್ ಎಂದೊಡನೆ ಕೆಲವರು ಹೌಹಾರುತ್ತಾರೆ. ಐದು ಮಿ.ಮೀ. ಅಂಥ ಪಾಪವೇನಲ್ಲ, ಎರಡು ಸಂಗತಿ ನೋಡಿಕೊಂಡರೆ ಸಾಕು. ನಟ್ ಸ್ಟಡ್ಡಿನ (ಹಬ್‌ನಿಂದ ಚಾಚಿದ ಬೋಲ್ಟಿನ) ಮೇಲೆ ಸಾಕಷ್ಟು ಸುತ್ತು ಕೂರುತ್ತದೆಯೇ? ಹಬ್‌ನ ನಡುವಿನ 56.1 ಮಿ.ಮೀ. ಅಂಚು ಸ್ಪೇಸರ್‌ನೊಳಗೆ ಪೂರ್ತಿ ಮುಳುಗದೆ, ಚಕ್ರವನ್ನು ನಡುವೆ ಹಿಡಿದಿಡುವ ಹಬ್ ರಿಂಗ್ ಕೂರುವಷ್ಟು ಹೊರಗೆ ಉಳಿದಿದೆಯೇ? ಎರಡನೆಯದನ್ನು ಬಹಳ ಮಂದಿ ನೋಡುವುದೇ ಇಲ್ಲ. ಆಮೇಲೆ ನೂರರ ವೇಗ ದಾಟಿದೊಡನೆ ಸ್ಟೀರಿಂಗ್ ನಡುಗುತ್ತದೆ ಎಂದು ಟೈರನ್ನು ಬೈಯುತ್ತಾರೆ.

ಜರ್ಮನಿಯಲ್ಲಿ ಇಷ್ಟು ಮಾಡಿದರೆ ಅರ್ಧ ಕೆಲಸ ಆಯಿತು ಅಷ್ಟೇ. ಉಳಿದರ್ಧ ಕಾಗದಪತ್ರ. ಚಕ್ರಕ್ಕೆ ಅನುಮೋದನಾ ವರದಿ ಇದೆ, ಬ್ರೇಕಿಗೂ ಇದೆ, ಸ್ಪೇಸರ್‌ಗೂ ಇದೆ. ಮೂರೂ ಇದ್ದರೆ ಮುಗಿಯಿತು ಎಂದುಕೊಳ್ಳುವಂತಿಲ್ಲ. ಚಕ್ರದ ವರದಿ ಬರೆದಿರುವುದು ಕಂಪನಿ ಬ್ರೇಕ್ ಇರುವ ಕಾರಿಗೆ. ಬ್ರೇಕಿನ ವರದಿಗೆ ಈ ಚಕ್ರದ ಪರಿಚಯವಿಲ್ಲ. ಒಂದರ ಜೊತೆ ಇನ್ನೊಂದು ಸೇರಿದಾಗ ಪರೀಕ್ಷಕರು ಇಡೀ ಜೋಡಣೆಯನ್ನು ನೋಡಿ ಪ್ರತ್ಯೇಕವಾಗಿ ಒಪ್ಪಿಗೆ ಕೊಡಬೇಕು, ಅದು ವಾಹನದ ದಾಖಲೆಗೆ ಸೇರಬೇಕು. ಇಲ್ಲವಾದರೆ ಕಾರಿನ ರಸ್ತೆ ಪರವಾನಗಿಯೇ ರದ್ದಾಗಬಹುದು, ಅಪಘಾತವಾದರೆ ವಿಮೆಯವರ ಜೊತೆ ಗುದ್ದಾಡಬೇಕಾಗುತ್ತದೆ. ನನ್ನ ಕಾರನ್ನು ನೋಡಿದ ಟ್ಯೂಫ್ (ಜರ್ಮನಿಯ ವಾಹನ ತಪಾಸಣಾ ಸಂಸ್ಥೆ) ಪರೀಕ್ಷಕರು ಮುಂದಿನ ಒಂದು ಚಕ್ರವನ್ನು, ಅದಕ್ಕೆ ಓರೆಯಾಗಿರುವ ಹಿಂದಿನ ಚಕ್ರವನ್ನು ಎತ್ತರದ ಕಟ್ಟೆಗೆ ಹತ್ತಿಸಿ, ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಟೈರ್ ಮತ್ತು ಫೆಂಡರ್ ನಡುವೆ ಬೆರಳು ತೂರಿಸಿ ನೋಡಿದರು. ನಂತರ ನಟ್ ಬಿಚ್ಚಿ, ಅದನ್ನು ಮತ್ತೆ ಹಾಕುತ್ತ ಎಷ್ಟು ಸುತ್ತು ಕೂರುತ್ತದೆಂದು ತುಟಿಯಾಡಿಸುತ್ತ ಎಣಿಸಿದರು. ಮುಖದಲ್ಲಿ ನಗುವಿಲ್ಲ, ಆದರೆ ಮೊಹರು ಬಿತ್ತು. ಬೇಸರದ ಕೆಲಸ ಎನಿಸಿದರೂ ಈ ಪದ್ಧತಿಯ ಮೇಲೆ ನನಗೆ ಗೌರವವಿದೆ. ಬೇರೆಯವರೊಬ್ಬರು ಅನುಮಾನದಿಂದ ನೋಡಿದ ಬ್ರೇಕಿನ ಮೇಲೆ ಕಾಲಿಡುವಾಗ ಧೈರ್ಯ ಹೆಚ್ಚು.

ಓಡಿಸುವ ಅನುಭವಕ್ಕೆ ಬಂದರೆ, ಮೊದಲು ಗೊತ್ತಾಗುವುದು ತೂಕ. ಕಂಪನಿಯ 17 ಇಂಚಿನ ಚಕ್ರ ಒಂಬತ್ತೂವರೆ ಕಿಲೋ ಹತ್ತಿರ ತೂಗುತ್ತದೆ, ಇದು ಎಂಟರ ಆಸುಪಾಸು, ಅದೂ ಒಂದು ಇಂಚು ಹೆಚ್ಚು ಅಗಲವಿದ್ದು. ಕಲ್ಲುಹಾಸಿನ ಹಳೆಯ ಬೀದಿಗಳಲ್ಲಿ ಮುಂಭಾಗದ ಕುಣಿತ ಕಡಿಮೆಯಾಯಿತು. 215/45 ಬದಲು 225/45 ಟೈರ್ ಹಾಕಿದ್ದೇನೆ. ಟೈರಿನ ವ್ಯಾಸ 625ರಿಂದ 634 ಮಿ.ಮೀ.ಗೆ ಏರಿತು, ಶೇಕಡ ಒಂದೂವರೆಯಷ್ಟು. ಗೇರ್ ಅಷ್ಟರಮಟ್ಟಿಗೆ ಉದ್ದವಾಯಿತು. 205 ನ್ಯೂಟನ್ ಮೀಟರ್ ಟಾರ್ಕಿನ ಎಂಜಿನ್‌ಗೆ ಅದೂ ತಿಳಿಯುತ್ತದೆ ಎಂದರೆ ನಂಬಿ. ಬ್ರೇಕಿನ ವಿಷಯದಲ್ಲಿ ಮೊದಲ ಬಾರಿಯ ಬ್ರೇಕಿಗೂ ಕೊನೆಯ ಬಾರಿಯದಕ್ಕೂ ಪೆಡಲ್‌ನಲ್ಲಿ ವ್ಯತ್ಯಾಸ ಸಿಗದು. ಒಂದೇ ಒಂದು ತುರ್ತು ಬ್ರೇಕಿನಲ್ಲಿ ಕಾರು ನಿಲ್ಲುವ ದೂರವೇನೂ ಕಡಿಮೆಯಾಗಿಲ್ಲ. ಅದನ್ನು ನಿರ್ಧರಿಸುವುದು ಟೈರ್. ದೊಡ್ಡ ಬ್ರೇಕ್ ಕೊಂಡವರಲ್ಲಿ ಇದನ್ನು ಒಪ್ಪಿಕೊಳ್ಳುವವರು ವಿರಳ.

ತೊಂದರೆಗಳು ಬಂದದ್ದು ಚಕ್ರದಿಂದಲ್ಲ, ಅದರ ಸುತ್ತಲಿನ ಜನರಿಂದ. ಟೈರ್ ಬದಲಿಸಿದ ಅಂಗಡಿಯೊಂದರಲ್ಲಿ ಬ್ಯಾಲೆನ್ಸಿಂಗ್‌ನ ಅಂಟುತೂಕಗಳನ್ನು ರಿಮ್ಮಿನ ಒಳಗೋಡೆಯಲ್ಲಿ, ಸರಿಯಾಗಿ ಕ್ಯಾಲಿಪರ್‌ನ ಮೂಲೆ ಹಾದುಹೋಗುವ ಪಟ್ಟಿಯಲ್ಲೇ ಅಂಟಿಸಿದ್ದರು. ಅಂಗಳದಿಂದ ಹೊರಬರುವಷ್ಟರಲ್ಲಿ ಟಿಕ್ ಟಿಕ್ ಸದ್ದು. ಬಿಚ್ಚಿ ನೋಡಿದರೆ ತೂಕದ ಅಂಚು ಸವೆದು ಹೊಳೆಯುತ್ತಿತ್ತು, ಕ್ಯಾಲಿಪರ್‌ನ ಕೆಂಪು ಬಣ್ಣದ ಮೇಲೆ ಬೆಳ್ಳಿ ಗೀರು. ಈಗ ಪ್ರತಿ ಚಕ್ರದೊಳಗೂ 'ಇಲ್ಲಿ ತೂಕ ಬೇಡ' ಎಂದು ಜರ್ಮನ್‌ನಲ್ಲಿ ಮಾರ್ಕರ್‌ನಿಂದ ಬರೆದಿಟ್ಟಿದ್ದೇನೆ. ಇನ್ನೊಂದು, ಸ್ಪೇಸರ್ ಮಾರಿದವರು ಜೊತೆಗೆ ಕಳಿಸಿದ ಪ್ಲಾಸ್ಟಿಕ್ ಹಬ್ ರಿಂಗುಗಳು. ಟ್ರ್ಯಾಕಿನ ಬಿಸಿಗೆ ಅವು ಮೆತ್ತಗಾಗಿ ಹಬ್‌ಗೆ ಅಂಟಿಕೊಂಡವು, ಕೆರೆದು ತೆಗೆಯಬೇಕಾಯಿತು. ಅಲ್ಯೂಮಿನಿಯಂ ರಿಂಗನ್ನೇ ಕೇಳಿ ಪಡೆಯಿರಿ. ಅದರದ್ದೂ ಒಂದು ಕಿರಿಕಿರಿ ಇದೆ: ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪಿಗೆ ಉಕ್ಕಿನ ಹಬ್ ಜೊತೆ ಸೇರಿ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಋತು ಬದಲಾದಾಗ ತಂತಿ ಬ್ರಷ್‌ನಿಂದ ಉಜ್ಜಿ, ಹಬ್‌ನ ಅಂಚಿಗೆ ಮಾತ್ರ ತೆಳುವಾಗಿ ಗ್ರೀಸ್ ಸವರಬೇಕು. ಸ್ಟಡ್ಡಿಗೆ ತಾಗಿಸಬೇಡಿ. ನಟ್ ಬಿಗಿತ 120 ನ್ಯೂಟನ್ ಮೀಟರ್, ಐವತ್ತು ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಟಾರ್ಕ್ ರೆಂಚ್.

ಚಳಿಗಾಲವೇ ಈ ಇಡೀ ವ್ಯವಹಾರದ ಗುಪ್ತ ಖರ್ಚು. ಹಿಮ, ಮಂಜುಗಡ್ಡೆ ಇರುವಾಗ ಇಲ್ಲಿ ಚಳಿಗಾಲದ ಟೈರ್ ಕಡ್ಡಾಯ. 2024ರ ಅಕ್ಟೋಬರ್‌ನಿಂದ ಬೆಟ್ಟ ಮತ್ತು ಹಿಮಬಿಲ್ಲೆಯ ಗುರುತಿರುವ ಟೈರಿಗಷ್ಟೇ ಮಾನ್ಯತೆ. ನನ್ನ ಬಳಿ 16 ಇಂಚಿನ ಚಳಿಗಾಲದ ಚಕ್ರಗಳ ಒಂದು ಜೊತೆ ಇತ್ತು. ಹೊಸ ಬ್ರೇಕಿನ ಮೇಲೆ ಅವು ಕೂರುವ ಮಾತೇ ಇಲ್ಲ. ಅವನ್ನು ಮಾರಿ ಇನ್ನೊಂದು 17 ಇಂಚಿನ ಜೊತೆ ಕೊಂಡು, ಅದಕ್ಕೂ ಹಿಟ್ಟಿನ ಪರೀಕ್ಷೆ, ಅದಕ್ಕೂ ಮೊಹರು. ಊರಿನಿಂದ ಫೋನಿನಲ್ಲಿ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: 'ಕಂಪನಿಯವರು ಕೊಟ್ಟ ಚಕ್ರಕ್ಕೆ ಏನಾಗಿತ್ತಪ್ಪ?' ಬ್ರೇಕ್ ಕಿಟ್‌ನ ಬೆಲೆ ನೋಡಿ ಲೆಕ್ಕ ಹಾಕುವವರು ಎರಡು ಜೊತೆ ಚಕ್ರದ ಬೆಲೆಯನ್ನೂ ಅದೇ ಕಾಗದದಲ್ಲಿ ಬರೆಯಬೇಕು.

ಅಲ್ಟ್ರಾಲೆಜೆರಾ ಎರಕದ ಚಕ್ರ, ಲೋಹವನ್ನು ಭಾರೀ ಒತ್ತಡದಲ್ಲಿ ಒತ್ತಿ ಫೋರ್ಜಿಂಗ್ ಮಾಡಿದ್ದಲ್ಲ. ಬೆಲೆಯೂ ಅದಕ್ಕೆ ತಕ್ಕಂತಿದೆ. ಕಡ್ಡಿಗಳು ಸಪೂರವಾಗಿರುವುದರಿಂದ ತೊಳೆಯಲು ತಾಳ್ಮೆ ಬೇಕು; ಟ್ರ್ಯಾಕ್ ಪ್ಯಾಡ್‌ನ ಧೂಳನ್ನು ಒಂದು ವಾರ ಹಾಗೇ ಬಿಟ್ಟರೆ ಉಜ್ಜಿ ಉಜ್ಜಿ ಕೈಸೋಲುತ್ತದೆ.

ಕರ್ನಾಟಕದಿಂದ ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇ ಟ್ರ್ಯಾಕಿಗೋ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಗೋ ತಮ್ಮ ಕಾರು ಒಯ್ಯುವವರಿಗೆ ಒಂದು ಸಲಹೆ. ನಮ್ಮ ರಸ್ತೆಯ ಗುಂಡಿಗಳಿಗೆ ಟೈರಿನ ಗೋಡೆ ಎತ್ತರವಿದ್ದಷ್ಟೂ ರಿಮ್ ಉಳಿಯುತ್ತದೆ, ಹಾಗಾಗಿ ಬ್ರೇಕ್ ಹಿಡಿಸುವ ಅತಿ ಚಿಕ್ಕ ಚಕ್ರವನ್ನೇ ಹುಡುಕಿ. ಆರ್ಡರ್ ಮಾಡುವ ಮೊದಲು ಚಕ್ರದ ಬೆನ್ನಿನ ಫೋಟೋ ಕೇಳಿ. ಕಳಿಸದ ಅಂಗಡಿಯಲ್ಲಿ ಕೊಳ್ಳಬೇಡಿ. ಕಂಪನಿಯ ಮೂಲ ಚಕ್ರ, ಮೂಲ ಕ್ಯಾಲಿಪರ್ ಎರಡನ್ನೂ ಮಾರಬೇಡಿ. ನನ್ನವು ನೆಲಮಾಳಿಗೆಯಲ್ಲಿವೆ, ಮುಂದೆ ಕಾರು ಕೊಳ್ಳುವವರು ಮೊದಲು ಕೇಳುವುದು ಅವನ್ನೇ.