ಎರಡು ಮೆಟ್ಟಿಲಿನ ಮರದ ಸ್ಟೂಲ್: ಒಂಬತ್ತು ತಿಂಗಳು ಬಳಸಿದ ಮೇಲೆ

ನಮ್ಮ ಮನೆಯಲ್ಲಿ ಬೆಳಗ್ಗೆ ಎದ್ದ ಕೂಡಲೇ ಕೇಳಿಸುತ್ತಿದ್ದ ಮೊದಲ ಮಾತು, "ಅಮ್ಮಾ, ಎತ್ಕೋ." ಹಲ್ಲುಜ್ಜಲು ಎತ್ತಿಕೊಳ್ಳಬೇಕು, ಕೈ ತೊಳೆಯಲು ಎತ್ತಿಕೊಳ್ಳಬೇಕು, ಲೈಟ್ ಹಾಕಲೂ ಎತ್ತಿಕೊಳ್ಳಬೇಕು. ಮಗಳಿಗೆ ಆಗ ಮೂರೂವರೆ ವರ್ಷ, ತೂಕ 15 ಕೆಜಿ. ಒಂದು ಕೈಯಲ್ಲಿ ಅವಳ ಹೊಟ್ಟೆ ಹಿಡಿದು ವಾಶ್‌ಬೇಸಿನ್ ಅಂಚಿಗೆ ಒರಗಿಸಿಕೊಂಡು, ಇನ್ನೊಂದು ಕೈಯಲ್ಲಿ ನಲ್ಲಿ ತಿರುಗಿಸುತ್ತಿದ್ದೆ. ಅವಳ ಅಂಗಿಯ ಮುಂಭಾಗವೆಲ್ಲ ಒದ್ದೆ. ನನ್ನ ತೋಳು ಒದ್ದೆ. ಕೆಳಗೆ ಒಂದು ವರ್ಷದ ಮಗ ನನ್ನ ಕಾಲು ಹಿಡಿದು ನಿಂತಿರುತ್ತಿದ್ದ. ಸೊಂಟ ನೋವು ಶುರುವಾದ ಮೇಲೆ ಈ ಸ್ಟೂಲ್ ತರಿಸಿದೆವು. ಈಗ ಒಂಬತ್ತು ತಿಂಗಳಾಯಿತು. ಇಷ್ಟು ದಿನ ಬಳಸಿದ ಮೇಲೆ ಬರೆದರೆ ಬೇರೆಯವರಿಗೂ ಉಪಯೋಗ ಆಗಬಹುದು ಅನ್ನಿಸಿತು.

ಇದು ಎರಡು ಮೆಟ್ಟಿಲಿನ, ಮಡಚಲು ಬಾರದ, ರಬ್ಬರ್ ಮರದ ಸ್ಟೂಲ್. ಕೆಳಗಿನ ಮೆಟ್ಟಿಲು ನೆಲದಿಂದ 12 ಸೆಂ.ಮೀ., ಮೇಲಿನದು 24 ಸೆಂ.ಮೀ. ತೂಕ ಎರಡೂವರೆ ಕೆಜಿಗೆ ಸ್ವಲ್ಪ ಕಡಿಮೆ. ಹಾಲಿಗಾಗಿ ಬೆಳೆಸಿದ ರಬ್ಬರ್ ಮರಗಳಲ್ಲಿ ಸುಮಾರು 25ರಿಂದ 30 ವರ್ಷ ಆದ ಮೇಲೆ ಇಳುವರಿ ತಗ್ಗುತ್ತದೆ. ಆಗ ಅವನ್ನು ಕಡಿದು ಪೀಠೋಪಕರಣಕ್ಕೆ ಬಳಸುತ್ತಾರೆ. ಅದಕ್ಕೇ ಮಕ್ಕಳ ಕುರ್ಚಿ, ಆಟಿಕೆಗಳಲ್ಲಿ ಈ ಮರ ಜಾಸ್ತಿ ಕಾಣಿಸುತ್ತದೆ. ಗಟ್ಟಿಯಾಗಿದೆ, ಸಿಬಿರು ಏಳುವುದಿಲ್ಲ. ಆದರೆ ಇದಕ್ಕೆ ನೀರು ಆಗಿಬರುವುದಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕೊಳ್ಳುವ ಮೊದಲು ಒಂದು ಕೆಲಸ ಮಾಡಿದ್ದು ಒಳ್ಳೆಯದಾಯಿತು. ಮಗಳನ್ನು ಗೋಡೆಗೆ ನಿಲ್ಲಿಸಿ ಮೊಣಕೈ ಎಷ್ಟು ಎತ್ತರದಲ್ಲಿದೆ ಎಂದು ಟೇಪ್ ಹಿಡಿದು ಅಳೆದೆ. 58 ಸೆಂ.ಮೀ. ಇತ್ತು. ವಾಶ್‌ಬೇಸಿನ್ ಅಂಚು 80. ಮೊಣಕೈ ಅಂಚಿಗಿಂತ ಚೂರು ಮೇಲೆ ಬಂದರೆ ಮಾತ್ರ ನೀರು ತೋಳಿನ ಮೇಲೆ ಹರಿದು ಅಂಗಿಯೊಳಗೆ ಇಳಿಯುವುದಿಲ್ಲ. 58ಕ್ಕೆ 24 ಸೇರಿದರೆ 82, ಸರಿಹೋಯಿತು. ಬರೀ 15 ಸೆಂ.ಮೀ. ಎತ್ತರದ ಒಂದೇ ಮೆಟ್ಟಿಲಿನ ಸ್ಟೂಲ್ ತಂದಿದ್ದರೆ ಅವಳು ತುದಿಗಾಲಲ್ಲೇ ನಿಲ್ಲಬೇಕಾಗುತ್ತಿತ್ತು. ಚಿತ್ರ ನೋಡಿ ಇಷ್ಟಪಟ್ಟು ಕೊಳ್ಳುವವರು ದಯವಿಟ್ಟು ಮೊದಲು ಮಗುವನ್ನೂ ಬೇಸಿನ್ನನ್ನೂ ಅಳೆಯಿರಿ. ಎರಡು ನಿಮಿಷದ ಕೆಲಸ.

ಬೆಳಗಿನ ಹೊತ್ತು ಹೇಗೆ ಬದಲಾಯಿತು ಎಂದು ಹೇಳುತ್ತೇನೆ. ಈಗ ಅವಳೇ ಸ್ಟೂಲ್ ಎಳೆದುಕೊಂಡು ಬರುತ್ತಾಳೆ. ಮೇಲಿನ ಹಲಗೆಯ ನಡುವೆ ಕೈ ಹಾಕಲು ಒಂದು ಉದ್ದ ಕಂಡಿ ಇದೆ. ನನ್ನ ನಾಲ್ಕು ಬೆರಳು ಆರಾಮಾಗಿ ಹೋಗುತ್ತವೆ, ಅವಳ ಇಡೀ ಅಂಗೈಯೇ ಹೋಗುತ್ತದೆ. ಒಂದೇ ಬೆರಳು ತೂರುವಷ್ಟು ಸಣ್ಣ ತೂತು ಇದ್ದಿದ್ದರೆ ನಾನು ವಾಪಸ್ ಕಳಿಸುತ್ತಿದ್ದೆ. ಅಂಥ ತೂತಿನಲ್ಲೇ ಮಕ್ಕಳ ಬೆರಳು ಸಿಕ್ಕಿಕೊಳ್ಳುವುದು. ಹತ್ತಿ ನಿಂತು ಪೇಸ್ಟ್ ಮುಚ್ಚಳ ತಿರುಗಿಸುತ್ತಾಳೆ. ಅವಳಿಗೆ ಬಟಾಣಿ ಕಾಳಿನಷ್ಟು ಪೇಸ್ಟ್, ತಮ್ಮನಿಗೆ ಅಕ್ಕಿ ಕಾಳಿನಷ್ಟು. ಮೂರು ವರ್ಷ ತುಂಬದವರಿಗೆ ಅಷ್ಟೇ ಸಾಕು ಎನ್ನುತ್ತಾರೆ ದಂತವೈದ್ಯರು. ಏಳೆಂಟು ವರ್ಷದವರೆಗೂ ಮಕ್ಕಳು ತಾವಾಗಿಯೇ ಪೂರ್ತಿ ಚೆನ್ನಾಗಿ ಉಜ್ಜುವುದಿಲ್ಲ, ಕೊನೆಗೆ ದೊಡ್ಡವರು ಒಂದು ಸಲ ಉಜ್ಜಿಕೊಡಬೇಕು ಅಂತಲೂ ಹೇಳುತ್ತಾರೆ. ಸ್ಟೂಲ್‌ನಿಂದ ನನಗೆ ಹೆಚ್ಚು ಅನುಕೂಲ ಆಗಿರುವುದು ಇಲ್ಲೇ. ನಾನು ಅವಳ ಹಿಂದೆ ನಿಲ್ಲುತ್ತೇನೆ. ಅವಳು ತಲೆಯನ್ನು ನನ್ನ ಎದೆಗೆ ಒರಗಿಸಿ ಬಾಯಿ ತೆರೆಯುತ್ತಾಳೆ. ಕನ್ನಡಿಯಲ್ಲಿ ಇಬ್ಬರಿಗೂ ಅವಳ ದವಡೆ ಹಲ್ಲು ಕಾಣಿಸುತ್ತದೆ. ಮೊದಲು ನೆಲದ ಮೇಲೆ ಮಂಡಿಯೂರಿ, ಮಬ್ಬು ಬೆಳಕಿನಲ್ಲಿ, ಬಾಯೊಳಗೆ ಏನೂ ಕಾಣಿಸದೆ ಉಜ್ಜುತ್ತಿದ್ದೆ.

ಕೈ ತೊಳೆಯುವುದೂ ಅಷ್ಟೇ. ಸೋಪು ಹಚ್ಚಿ 20 ಸೆಕೆಂಡಾದರೂ ಉಜ್ಜಬೇಕು ಎನ್ನುವುದು ನಮಗೆಲ್ಲ ಗೊತ್ತು. ಆದರೆ 15 ಕೆಜಿ ಮಗುವನ್ನು ಗಾಳಿಯಲ್ಲಿ ಹಿಡಿದುಕೊಂಡು 20 ಸೆಕೆಂಡ್ ನಿಲ್ಲಲು ಯಾರಿಗೆ ಆಗುತ್ತದೆ? ಐದಕ್ಕೇ ಮುಗಿಸುತ್ತಿದ್ದೆವು. ಈಗ ಅವಳು ನಿಧಾನವಾಗಿ ಇಪ್ಪತ್ತರವರೆಗೆ ಎಣಿಸುತ್ತಾಳೆ. ಹದಿನಾರಾದ ಮೇಲೆ ಸೀದಾ ಹದಿನೆಂಟಕ್ಕೆ ಹೋಗುತ್ತಾಳೆ. ಹೋಗಲಿ ಬಿಡಿ, ಬೆರಳ ಸಂದಿಯಲ್ಲೂ ನೊರೆ ಕಾಣಿಸುತ್ತದೆ, ನನಗೆ ಅದು ಸಾಕು.

ನಾನು ಎಣಿಸಿರದ ಇನ್ನೊಂದು ಉಪಯೋಗ ಶೌಚಾಲಯದಲ್ಲಿ ಆಯಿತು. ಮಗಳು ಕಮೋಡ್ ಮೇಲೆ ಕೂರಲು ಹೆದರುತ್ತಿದ್ದಳು. ಎರಡು ಮೂರು ದಿನ ತಡೆದುಕೊಂಡು, ಹೊಟ್ಟೆ ಗಟ್ಟಿಯಾಗಿ, ಕೊನೆಗೆ ಅಳು. ನೀರು, ಹಣ್ಣು, ಎಲ್ಲ ಪ್ರಯತ್ನಿಸಿದ್ದೆವು. ಮಕ್ಕಳ ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: "ಕೂತಾಗ ಅವಳ ಕಾಲು ಎಲ್ಲಿರುತ್ತೆ?" ನೇತಾಡುತ್ತಿರುತ್ತಿತ್ತು. ಪಾದಕ್ಕೆ ಆಸರೆ ಇಲ್ಲದಿದ್ದರೆ ಮಗು ಬೀಳದಂತೆ ಮೈ ಬಿಗಿ ಹಿಡಿದು ಕೂರುತ್ತದೆ. ಕೆಳಗಿನ ಸ್ನಾಯುಗಳು ಸಡಿಲವಾಗುವುದೇ ಇಲ್ಲ. ಪಾದ ಊರಿ, ಮಂಡಿ ಸೊಂಟಕ್ಕಿಂತ ಸ್ವಲ್ಪ ಮೇಲೆ ಬಂದರೆ ಸಲೀಸಾಗುತ್ತದೆ. ಕಮೋಡ್ ಮೇಲೆ ಮಕ್ಕಳ ಸಣ್ಣ ಸೀಟು, ಕಾಲ ಕೆಳಗೆ ಈ ಸ್ಟೂಲ್, ಎರಡೂ ಒಟ್ಟಿಗೆ ಇಟ್ಟೆವು. ಒಂದೇ ದಿನದಲ್ಲಿ ಸರಿಹೋಯಿತು ಅಂತ ಹೇಳಲಾರೆ. ಮೂರು ವಾರ ಹಿಡಿಯಿತು. ಮೂರನೇ ವಾರ ಅವಳೇ ಒಳಗೆ ಹೋಗಿ, ಸ್ಟೂಲ್ ಎಳೆದುಕೊಂಡು, "ಅಮ್ಮಾ, ನೀನು ಬರಬೇಡ, ನಾನೇ" ಅಂದಳು. ನಾನು ಬಾಗಿಲ ಹೊರಗೆ ನಿಂತು ಕಣ್ಣೊರೆಸಿಕೊಂಡೆ. ಮಕ್ಕಳ ಮಲಬದ್ಧತೆ ನೋಡಿದ ತಾಯಂದಿರಿಗೆ ಇದು ಅರ್ಥವಾಗುತ್ತದೆ, ಅಲ್ವಾ?

ಈಗ ಬೇಸರದ ವಿಷಯ. ಸ್ಟೂಲ್‌ನ ನಾಲ್ಕು ಕಾಲಿಗೂ ಅಡಿಯಲ್ಲಿ ರಬ್ಬರ್ ಬುಷ್ ಇವೆ. ಅವು ಸ್ಕ್ರೂ ಹಾಕಿ ಕೂರಿಸಿದವಲ್ಲ, ಸುಮ್ನೆ ಅಂಟಿಸಿದವು. ಐದನೇ ತಿಂಗಳಲ್ಲಿ ಒಂದು ಕಿತ್ತುಬಂತು. ನಮಗೆ ಗೊತ್ತಾಗಲಿಲ್ಲ. ಬಚ್ಚಲಿನ ಟೈಲ್ಸ್ ಒದ್ದೆ ಇತ್ತು. ಮಗ ಕೆಳಗಿನ ಮೆಟ್ಟಿಲ ಮೇಲೆ ಕಾಲಿಟ್ಟ ಕೂಡಲೇ ಸ್ಟೂಲ್ ಒಂದು ಕಡೆಗೆ ಜಾರಿತು. ನನ್ನ ಕೈ ಅವನ ತೋಳಿನ ಮೇಲೇ ಇತ್ತು, ಆದರೂ ಗಲ್ಲ ಮೇಲಿನ ಮೆಟ್ಟಿಲಿಗೆ ತಾಗಿತು. ತುಟಿಯಲ್ಲಿ ಸ್ವಲ್ಪ ರಕ್ತ. ಐದು ನಿಮಿಷದಲ್ಲಿ ಅವನು ಆಟಕ್ಕೆ ಇಳಿದ, ನನಗೆ ಮಾತ್ರ ಅವತ್ತೆಲ್ಲ ಕೈ ನಡುಗುತ್ತಿತ್ತು. ಮಾರಿದವರಿಗೆ ಫೋಟೋ ಸಮೇತ ಬರೆದೆ. ಮೂರು ವಾರ ಬಿಟ್ಟು ನಾಲ್ಕು ಹೊಸ ಬುಷ್ ಕಳಿಸಿದರು. ಅವೂ ಅಂಟಿಸುವಂಥವೇ. ಚಿಕ್ಕ ಮಕ್ಕಳು ಹತ್ತುವ ವಸ್ತುವಿನಲ್ಲಿ ಇದು ಸಣ್ಣ ತಪ್ಪಲ್ಲ. ಒದ್ದೆ ನೆಲದಲ್ಲಿ ಸ್ಟೂಲ್ ಜಾರದಂತೆ ತಡೆಯುವುದು ಆ ನಾಲ್ಕು ತುಂಡು ರಬ್ಬರ್ ಮಾತ್ರ. ಅದನ್ನು ಸ್ಕ್ರೂ ಹಾಕಿ ಕೂರಿಸಲು ಎಷ್ಟು ಹೊತ್ತು ಬೇಕು?

ಆ ಮೂರು ವಾರ ನಾವು ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ, ನಾಲ್ಕು ಕಾಲಿಗೂ ಕಟ್ಟಿ, ಪಕ್ಕದಿಂದ ಸಣ್ಣ ಮೊಳೆ ಹೊಡೆದು ಬಳಸಿದೆವು. ಇವರ ಉಪಾಯ ಅದು. ನಿಜ ಹೇಳಬೇಕೆಂದರೆ ಕಂಪನಿ ಕಳಿಸಿದ್ದಕ್ಕಿಂತ ಅದೇ ಚೆನ್ನಾಗಿ ಹಿಡಿಯಿತು, ಈಗಲೂ ಅದೇ ಇದೆ. ಪ್ರತಿ ಭಾನುವಾರ ಸ್ಟೂಲ್ ಮಗುಚಿ ನಾಲ್ಕು ಕಾಲನ್ನೂ ಬೆರಳಿನಿಂದ ಒತ್ತಿ ನೋಡುತ್ತೇನೆ. ಮಗಳೂ ಪಕ್ಕದಲ್ಲಿ ಕೂತು ಒತ್ತುತ್ತಾಳೆ.

ಸ್ಕ್ರೂಗಳ ಬಗ್ಗೆ ದೂರಿಲ್ಲ. ಮರದೊಳಗೆ ಲೋಹದ ನಟ್ ಕೂರಿಸಿ ಅದಕ್ಕೆ ಬೋಲ್ಟ್ ಹಾಕುವ ರೀತಿ ಇದೆ. ಆದ್ದರಿಂದ ಎಷ್ಟು ಸಲ ಬಿಗಿದರೂ ಮರ ಸವೆಯುವುದಿಲ್ಲ. ಮಳೆಗಾಲದಲ್ಲಿ ಮರ ಹಿಗ್ಗಿ, ಬೇಸಿಗೆಯಲ್ಲಿ ಕುಗ್ಗಿ, ಸ್ವಲ್ಪ ಸಡಿಲ ಆಗುವುದು ಸಹಜ. ಜೊತೆಗೆ ಕೊಟ್ಟ ಆ್ಯಲನ್ ಕೀಲಿಯಲ್ಲಿ ತಿಂಗಳಿಗೊಮ್ಮೆ ಬಿಗಿದರೆ ಆಯಿತು. 68 ಕೆಜಿಯ ನಾನೇ ಮೇಲೆ ನಿಂತು ಬಲ್ಬ್ ಬದಲಾಯಿಸಿದ್ದೇನೆ, ಕಿರ್ ಎನ್ನಲಿಲ್ಲ. ಅತ್ತೆ ಅದರ ಮೇಲೆ ಕೂತು ಮೊಮ್ಮಗನಿಗೆ ಬೂಟು ಹಾಕುತ್ತಾರೆ.

ನೀರಿನ ವಿಷಯ ಹೇಳಿದ್ದೆನಲ್ಲ. ಮೇಲ್ಭಾಗದ ವಾರ್ನಿಶ್ ಚೆನ್ನಾಗಿದೆ. ಆದರೆ ಹಲಗೆಯನ್ನು ಅಡ್ಡ ಕೊಯ್ದ ಕೊನೆಗಳಲ್ಲಿ, ಕಾಲುಗಳ ತಳದಲ್ಲಿ, ಬರೀ ತೆಳುವಾಗಿ ಬಳಿದಿದ್ದಾರೆ. ಮರ ನೀರು ಕುಡಿಯುವುದು ಅಲ್ಲಿಂದಲೇ. ಆರು ತಿಂಗಳಿಗೆ ಹಿಂದಿನ ಎರಡು ಕಾಲಿನ ತಳ ಕಪ್ಪಾಗತೊಡಗಿತು. ಎರಡು ದಿನ ಬಿಸಿಲಿಗೆ ಇಟ್ಟು, ಸ್ಯಾಂಡ್‌ಪೇಪರ್ ಉಜ್ಜಿ, ನೀರಿನಲ್ಲಿ ಬೆರೆಸುವ ವಾರ್ನಿಶನ್ನು ತಳಕ್ಕೆ ಮೂರು ಸಲ ಬಳಿದೆವು. ಆಮೇಲೆ ಏನೂ ತೊಂದರೆ ಬಂದಿಲ್ಲ. ತಂದ ದಿನವೇ ಇದನ್ನು ಮಾಡಿಬಿಡಿ ಎಂದು ನನ್ನ ಸಲಹೆ. ರಾತ್ರಿ ಮಾತ್ರ ಒರೆಸಿ ಒಣ ಜಾಗದಲ್ಲಿ ಇಡಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳಲೇಬೇಕು. ಸ್ಟೂಲ್ ಮನೆಗೆ ಬಂತೆಂದರೆ ಮಗುವಿನ ಕೈ 24 ಸೆಂ.ಮೀ. ಮೇಲಕ್ಕೆ ಬೆಳೆದ ಹಾಗೆ. ಮಗಳು ನೆಲದ ಮೇಲೆ ನಿಂತು ಕೈ ಎತ್ತಿದರೆ 118 ಸೆಂ.ಮೀ. ಮುಟ್ಟುತ್ತಿದ್ದಳು. ಸ್ಟೂಲ್ ಹತ್ತಿದರೆ 142. ಮೊದಲ ದಿನವೇ ಟೇಪ್ ಹಿಡಿದು ಮನೆಯೆಲ್ಲ ಸುತ್ತಿದೆ. ಮಾತ್ರೆ, ಸಿರಪ್ ಇಡುತ್ತಿದ್ದ ಶೆಲ್ಫ್ 135ರಲ್ಲಿತ್ತು. ಅವತ್ತೇ ಅವೆಲ್ಲ ಬೀಗ ಇರುವ ಕಪಾಟಿಗೆ ಹೋದವು. ಕತ್ತರಿ, ಚಾಕು, ಬೆಂಕಿಪೆಟ್ಟಿಗೆ ಜಾಗ ಬದಲಾಯಿಸಿದವು. ಕಿಟಕಿ, ಬಾಲ್ಕನಿ ಹತ್ತಿರ ಸ್ಟೂಲ್ ಹೋಗಲೇಬಾರದು. ಒಲೆಯ ಮುಂದೆಯೂ ಅಷ್ಟೇ. ಬಿಸಿನೀರಿನ ನಲ್ಲಿಯನ್ನೂ ಈಗ ಅವಳೇ ತಿರುಗಿಸಬಲ್ಲಳು ಎನ್ನುವುದು ನನಗೆ ಹೊಳೆದದ್ದು ಎರಡು ದಿನ ಕಳೆದ ಮೇಲೆ. 60 ಡಿಗ್ರಿ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ಮಕ್ಕಳ ಚರ್ಮ ತೆಳು, ಅವರಿಗೆ ಇನ್ನೂ ಬೇಗ. ಗೀಸರ್ ತಿರುಪನ್ನು 49 ಡಿಗ್ರಿಗೆ ಇಳಿಸಿದೆವು. ಸ್ನಾನಕ್ಕೆ ಅದು ಧಾರಾಳ ಸಾಕು.

ಎಷ್ಟು ವರ್ಷದ ಮಗುವಿಗೆ ಇದು ಸರಿ ಎಂದು ಕೇಳಿದರೆ, ನನ್ನ ಅನುಭವದಲ್ಲಿ ಮೂರು ವರ್ಷ ದಾಟಿದವರಿಗೆ. ಆ ವಯಸ್ಸಿನಲ್ಲೇ ಮಕ್ಕಳು ಒಂದೊಂದು ಮೆಟ್ಟಿಲಿಗೆ ಒಂದೊಂದು ಕಾಲಿಟ್ಟು ಹತ್ತಲು ಶುರು ಮಾಡುವುದು. ನನ್ನ ಮಗನಿಗೆ ಈಗ 21 ತಿಂಗಳು. ಒಂದು ಕಾಲಿಟ್ಟು, ಇನ್ನೊಂದನ್ನೂ ಅದೇ ಮೆಟ್ಟಿಲಿಗೆ ತಂದು, ಅಲ್ಲೇ ನಿಂತು ಚಪ್ಪಾಳೆ ತಟ್ಟುತ್ತಾನೆ. ಇಳಿಯುವಾಗ ನೆಲ ಎಲ್ಲಿದೆ ಎಂದೇ ಅವನಿಗೆ ಗೊತ್ತಾಗುವುದಿಲ್ಲ. ಅವನನ್ನು ಒಬ್ಬನೇ ಬಿಡುವ ಮಾತೇ ಇಲ್ಲ. ಬರೀ ಎರಡು ವರ್ಷದೊಳಗಿನ ಮಗು ಇರುವವರು, ಜಾಗ ಇದ್ದರೆ, ಸುತ್ತ ಕಟಕಟೆ ಇರುವ ಎತ್ತರದ ಪೀಠ ನೋಡುವುದು ಒಳ್ಳೆಯದು. ನಮ್ಮ ಅಡುಗೆಮನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಮಡಚುವ ಪ್ಲಾಸ್ಟಿಕ್ ಸ್ಟೂಲ್ ಹಿಂದೆ ಒಂದಿತ್ತು. ಹಗುರ, ಆದರೆ ಮಡಿಕೆಯಲ್ಲಿ ಮಗಳ ಬೆರಳು ಸಿಕ್ಕಿಕೊಂಡ ಮೇಲೆ ಅದನ್ನು ಅಟ್ಟಕ್ಕೆ ಹಾಕಿದೆವು.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದುಕೊಂಡ ಒಂದು ಪೂರ್ತಿ ಆ ಬುಷ್‌ಗಳದ್ದು. ಯಾರಾದರೂ ಕೇಳಿದರೆ ಇದನ್ನೇ ಕೊಳ್ಳಿ ಅಂತೀನಿ, ಜೊತೆಗೆ ನಾಲ್ಕು ತುಂಡು ಸೈಕಲ್ ಟ್ಯೂಬ್ ಇಟ್ಟುಕೊಳ್ಳಿ ಅಂತಲೂ ಹೇಳುತ್ತೇನೆ.

ಮೇಲಿನ ಮೆಟ್ಟಿಲಿನಲ್ಲಿ ಈಗ ವಾರ್ನಿಶ್ ಸವೆದು ಎರಡು ಮಾಸಲು ಗುರುತು ಬಿದ್ದಿವೆ, ಮಗಳ ಹಿಮ್ಮಡಿ ಊರುವ ಜಾಗದಲ್ಲಿ. ಈ ಒಂಬತ್ತು ತಿಂಗಳಲ್ಲಿ ಅವಳು 5 ಸೆಂ.ಮೀ. ಬೆಳೆದಿದ್ದಾಳೆ. ಕಳೆದ ವಾರ ಅವಳು ಕೆಳಗಿನ ಮೆಟ್ಟಿಲ ಮೇಲೇ ನಿಂತು, ಕೈ ಚಾಚಿ ನಲ್ಲಿ ತಿರುಗಿಸಿ, ಪಕ್ಕಕ್ಕೆ ಸರಿದು ತಮ್ಮನಿಗೂ ಜಾಗ ಮಾಡಿಕೊಟ್ಟಳು. "ಬಾ ಪುಟ್ಟಾ, ಮೊದಲು ಸೋಪು," ಎಂದಳು. ನಾನು ಅವನ ತೋಳು ಹಿಡಿದುಕೊಂಡೆ.