ಇಡೀ ಬೇಟೆಯ ಆಹಾರ: ಎರಡು ವರ್ಷ ಬಳಸಿದ ಮೇಲೆ

ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಒಂದು ಬಾಲ್ ಪೈಥಾನ್ (ಆಫ್ರಿಕಾದ ಸಣ್ಣ ಹೆಬ್ಬಾವು) ಮತ್ತು ಅರ್ಜೆಂಟೀನಾ ಮೂಲದ ಒಂದು ಟೆಗು ಹಲ್ಲಿ ಇವೆ. ಬರಿಯ ಮಾಂಸದ ಬದಲು, ಮೂಳೆ, ಕರುಳು ಸಮೇತ ಇಡೀ ಪ್ರಾಣಿಯ ಆಹಾರವನ್ನು ಎರಡು ವರ್ಷದಿಂದ ಇವಕ್ಕೆ ಕೊಡುತ್ತಿದ್ದೇನೆ. ನಮ್ಮ ನೆಲದ ಹೆಬ್ಬಾವನ್ನು ಸಾಕಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ. ಇವೆರಡೂ ವಿದೇಶಿ ಪ್ರಭೇದಗಳಾಗಿದ್ದು, 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಣಿಯಾಗಿವೆ.

ಮೊದಲು ಟೆಗುವಿಗೆ ನಾನು ಮೂಳೆ ತೆಗೆದ ಕೋಳಿಮಾಂಸವನ್ನೇ ಹೆಚ್ಚಾಗಿ ಕೊಡುತ್ತಿದ್ದೆ. ಅದರ ಕೆಳದವಡೆ ಮೆತ್ತಗಾದದ್ದನ್ನು ಪಶುವೈದ್ಯರು ಗುರುತಿಸಿದಾಗಲೇ ನನ್ನ ತಪ್ಪು ಅರಿವಾಯಿತು. ಬರಿಯ ಮಾಂಸಖಂಡದಲ್ಲಿ ರಂಜಕವು ಸುಣ್ಣಾಂಶಕ್ಕಿಂತ ಹತ್ತು ಪಟ್ಟಿಗೂ ಮೀರಿ ಇರುವುದರಿಂದ, ಸುಣ್ಣದ ಕೊರತೆಯನ್ನು ತುಂಬಿಕೊಳ್ಳಲು ದೇಹವು ತನ್ನ ಮೂಳೆಯನ್ನೇ ಕರಗಿಸಿಕೊಳ್ಳುತ್ತದೆ. ಬೆಳೆದ ಇಲಿಯನ್ನು ಇಡಿಯಾಗಿ ತಿಂದರೆ ಮೂಳೆಯ ಸುಣ್ಣ, ಯಕೃತ್ತಿನ ಎ ಜೀವಸತ್ವ ಎಲ್ಲವೂ ಒಂದೇ ತುತ್ತಿನಲ್ಲಿ ಸಿಗುತ್ತವೆ. ಸುಣ್ಣ ಹೀರಿಕೊಳ್ಳಲು ಬೇಕಾದ ಡಿ ಜೀವಸತ್ವ ಮೈಯಲ್ಲಿ ಉಂಟಾಗಲು ನೆರವಾಗುವ ಯುವಿಬಿ (ನೇರಳಾತೀತ ಕಿರಣದ) ದೀಪವನ್ನು ಬದಲಿಸಿ, ಆಹಾರವನ್ನೂ ಬದಲಿಸಿದೆ.

ಮಂಡ್ಯ ಜಿಲ್ಲೆಯ ಒಬ್ಬ ಸಣ್ಣ ತಯಾರಕರಿಂದ ಎರಡು ಬಗೆಯ ಆಹಾರ ತರಿಸುತ್ತಿದ್ದೇನೆ. ಒಂದು, ತೂಕದ ಪ್ರಕಾರ ವಿಂಗಡಿಸಿ ಹೆಪ್ಪುಗಟ್ಟಿಸಿದ ಇಡೀ ಇಲಿ. ಇನ್ನೊಂದು, ಸಾಕಿದ ಕ್ವೇಲ್ ಹಕ್ಕಿ ಮತ್ತು ಇಲಿಯನ್ನು ಮೂಳೆ, ಕರುಳು ಸಮೇತ ಅರೆದು ಕೊಲಾಜನ್ ಹೊದಿಕೆಯಲ್ಲಿ ತುಂಬಿದ ಸಾಸೇಜ್. ಟೆಗು ಎರಡನೆಯದನ್ನು ಮೊದಲ ದಿನವೇ ನುಂಗಿತು. ಪೈಥಾನ್ ಮಾತ್ರ ಅದನ್ನು ಮೂಸಿ ನೋಡಿ ತಿರುಗಿಕೊಂಡಿತು. ಇಲಿಯ ಮೈಗೆ ಉಜ್ಜಿ ವಾಸನೆ ಹಿಡಿಸಿದರೂ ಒಪ್ಪಲಿಲ್ಲ. ತಂಪಿನ ತಿಂಗಳುಗಳಲ್ಲಿ ಈ ಹಾವುಗಳು ತಾವಾಗಿಯೇ ಉಪವಾಸ ಮಾಡುವುದುಂಟಾದ್ದರಿಂದ ಚಳಿಗಾಲ ಕಳೆದ ಮೇಲೆ ಮತ್ತೆ ಪ್ರಯತ್ನಿಸಿದೆ, ಫಲ ಒಂದೇ. ಇಡೀ ಇಲಿಯನ್ನಾದರೆ ರಾತ್ರಿಯಿಡೀ ಫ್ರಿಜ್ಜಿನಲ್ಲಿ ಕರಗಿಸಿ, ಕವರಿನೊಳಗೇ ಬಿಸಿನೀರಿನಲ್ಲಿಟ್ಟು, ಮೇಲ್ಮೈ ಸುಮಾರು 38 ಡಿಗ್ರಿಗೆ ಬಂದಾಗ ಇಕ್ಕಳದಿಂದ ಹಿಡಿದರೆ ಸಾಕು: ತುಟಿಯಂಚಿನ ಶಾಖ ಗ್ರಹಿಸುವ ಕುಳಿಗಳ ನೆರವಿನಿಂದ ಅದು ತಕ್ಷಣ ಎರಗುತ್ತದೆ. ಜೀವಂತ ಇಲಿ ಕಚ್ಚಿ ಹಾವಿನ ಕಣ್ಣು ಕಳೆಯಬಹುದೆಂಬ ಭಯ ಈಗ ನನಗಿಲ್ಲ. ಇಲಿಗೂ ಅದು ಕಡಿಮೆ ಹಿಂಸೆ.

ಮೊದಲ ವರ್ಷದ ಸಾಸೇಜ್‌ನಲ್ಲಿ ಪುಕ್ಕ, ರೋಮ ಎಲ್ಲವನ್ನೂ ತೆಗೆದಿದ್ದರು, ಟೆಗುವಿನ ಮಲ ಸಡಿಲವಾಗಿಯೇ ಇತ್ತು. ನಾನು ವಾರವಾರದ ತೂಕ ಮತ್ತು ಮಲದ ಟಿಪ್ಪಣಿಗಳನ್ನು ಕಳುಹಿಸಿದ ಮೇಲೆ ಸ್ವಲ್ಪ ರೋಮವನ್ನು ಉಳಿಸಿ ಅರೆಯತೊಡಗಿದರು, ಮಲ ಗಟ್ಟಿಯಾಯಿತು. ಬಳಸುವವರ ಮಾತನ್ನು ಕೇಳಿ ಉತ್ಪನ್ನವನ್ನು ತಿದ್ದಿದ ಈ ಗುಣವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ತಯಾರಾದ ದಿನಾಂಕವನ್ನು ಇಂದಿಗೂ ಕೆಲವು ಪೊಟ್ಟಣಗಳ ಮೇಲೆ ಮಾತ್ರ ಮುದ್ರಿಸುತ್ತಾರೆ. ದೀರ್ಘಕಾಲದ ಶೈತ್ಯದಲ್ಲಿ ಇ ಜೀವಸತ್ವ ಕುಗ್ಗುವುದರಿಂದ ನಾನು ಆರು ತಿಂಗಳಿಗಿಂತ ಹಳೆಯದನ್ನು ಬಳಸುವುದಿಲ್ಲ. ದಿನಾಂಕವಿಲ್ಲದಿದ್ದರೆ ಲೆಕ್ಕ ಇಡುವುದು ಹೇಗೆ? ಕಳೆದ ಏಪ್ರಿಲ್‌ನಲ್ಲಿ ಪೆಟ್ಟಿಗೆಯೊಂದು ಅರ್ಧ ಕರಗಿಯೇ ಬಂತು, ಪೂರ್ತಿ ಎಸೆದೆ, ಅರ್ಧದಷ್ಟು ಹಣ ಮಾತ್ರ ಮರಳಿತು. ಹೆಪ್ಪುಗಟ್ಟಿಸಿದ ಮಾತ್ರಕ್ಕೆ ಸಾಲ್ಮೊನೆಲ್ಲಾ ಎಂಬ ರೋಗಾಣು ಸಾಯುವುದಿಲ್ಲವಾದ್ದರಿಂದ ಈ ಆಹಾರಕ್ಕೆಂದೇ ಮನೆಯಲ್ಲಿ ಪ್ರತ್ಯೇಕ ಫ್ರೀಜರ್ ಇಟ್ಟಿದ್ದೇನೆ.

ಹಾವು ಮಾತ್ರ ಇರುವವರು ಇಡೀ ಇಲಿಯನ್ನೇ ಕೊಳ್ಳಲಿ. ಟೆಗು ಇರುವವರಿಗೆ ಸಾಸೇಜ್ ಅನ್ನು ಧೈರ್ಯವಾಗಿ ಹೇಳುತ್ತೇನೆ, ಬೇಸಿಗೆಯ ಎರಡು ತಿಂಗಳು ಮಾತ್ರ ಮಂಡ್ಯಕ್ಕೆ ನೀವೇ ಐಸ್ ಪೆಟ್ಟಿಗೆ ಒಯ್ದು ತನ್ನಿ.