ಅರಾನೆಟ್4 ರಿವ್ಯೂ: ಆಫೀಸಲ್ಲಿ ದಿನಾ ತಲೆನೋವು ಅನ್ನೋರು ಓದಿ

ಮಧ್ಯಾಹ್ನ ಮೂರರ ಹೊತ್ತಿಗೆ ತಲೆ ಭಾರ, ಕಣ್ಣುರಿ, ಗಂಟಲು ಒಣಗೋದು, ಸಂಜೆ ಹೊರಗೆ ಬಂದ ಸ್ವಲ್ಪ ಹೊತ್ತಿಗೇ ಎಲ್ಲಾ ಸರಿಯಾಗೋದು, ಹಿಂಗೆ ನಿಮ್ಗೂ ಆಗ್ತಿದ್ರೆ ಆ ಬಿಲ್ಡಿಂಗ್ ಗಾಳಿ ಮೇಲೆ ಸ್ವಲ್ಪ ಅನುಮಾನ ಪಡಿ. ಸಿಕ್ ಬಿಲ್ಡಿಂಗ್ ಸಿಂಡ್ರೋಮ್ ಅಂತಾರೆ ಇದಕ್ಕೆ, ವಿಶ್ವ ಆರೋಗ್ಯ ಸಂಸ್ಥೆ 1980ರ ದಶಕದಲ್ಲೇ ಇದರ ಬಗ್ಗೆ ವರದಿ ಕೊಟ್ಟಿತ್ತು. 1973ರ ತೈಲ ಬಿಕ್ಕಟ್ಟು ಬಂದ್ಮೇಲೆ ಕರೆಂಟ್ ಉಳಿಸೋಕೆ ಅಂತ ಕಿಟಕಿ ತೆಗೆಯೋಕೇ ಆಗದ ಬಿಲ್ಡಿಂಗ್‌ಗಳನ್ನ ಕಟ್ಟಿ, ಹೊರಗಿನ ಗಾಳಿ ಒಳಗೆ ಬಿಡೋದನ್ನೂ ಕಮ್ಮಿ ಮಾಡಿದ್ರು, ಅದರ ಫಲ ಅಲ್ಲಿ ಕೂತು ಕೆಲಸ ಮಾಡೋರು ಅನುಭವಿಸಿದ್ರು.

ಈ ಅರಾನೆಟ್4 ಕಾರ್ಬನ್ ಡೈಆಕ್ಸೈಡ್ ಅಳೆಯೋ ಸಣ್ಣ ಮೀಟರ್, ಅಂಗೈಯಲ್ಲಿ ಹಿಡಿಯತ್ತೆ, ಎರಡು ಡಬಲ್ ಎ ಸೆಲ್ ಹಾಕಿದ್ರೆ ವರ್ಷಗಟ್ಟಲೆ ಬರತ್ತೆ. ಜೊತೆಗೆ ಟೆಂಪರೇಚರ್, ತೇವಾಂಶನೂ ತೋರಿಸತ್ತೆ, ಫೋನಲ್ಲಿ ಗ್ರಾಫ್ ಸಿಗತ್ತೆ. ಹೊರಗೆ ಬಯಲಲ್ಲಿ ಸುಮಾರು 420 ಪಿಪಿಎಂ (ಅಂದ್ರೆ ಹತ್ತು ಲಕ್ಷ ಭಾಗ ಗಾಳಿಲಿ ಅಷ್ಟು ಭಾಗ ಕಾರ್ಬನ್ ಡೈಆಕ್ಸೈಡ್) ಇರತ್ತೆ, ಮೀಟರ್ 1,000ದ ತನಕ ಹಸಿರು ತೋರಿಸತ್ತೆ, 1,000 ದಾಟಿದ್ರೆ ಹಳದಿ, 1,400 ದಾಟಿದ್ರೆ ಕೆಂಪು. ನಮ್ಮ ಮೀಟಿಂಗ್ ರೂಮಲ್ಲಿ ಬಾಗಿಲು ಹಾಕ್ಕೊಂಡು ಎಂಟು ಹತ್ತು ಜನ ಕೂತ್ರೆ ಮೀಟಿಂಗ್ ಮುಗಿಯೋದ್ರೊಳಗೆ 1,800 ಆಗತ್ತೆ, ಏಸಿ ಜೋರಾಗಿ ಓಡ್ತಾನೇ ಇರತ್ತೆ, ತಂಪಾಗೂ ಇರತ್ತೆ! ಸಾಮಾನ್ಯ ಸ್ಪ್ಲಿಟ್ ಏಸಿ ಒಳಗಿರೋ ಗಾಳಿನೇ ತಂಪು ಮಾಡಿ ತಿರುಗಿ ಬಿಡತ್ತೆ ಅಷ್ಟೇ, ಹೊರಗಿಂದ ಹೊಸ ಗಾಳಿ ತರಲ್ಲ, ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ತಗೊಳ್ತಾ ಕೂತಿರ್ತೀವಿ, ಅದ್ರಲ್ಲಿ ಒಬ್ಬರಿಗೆ ಜ್ವರ ಇದ್ರೂ ಮುಗೀತು.

ಹಾರ್ವರ್ಡ್‌ನವ್ರು 24 ಜನರನ್ನ ಆಫೀಸ್ ಥರದ ರೂಮಲ್ಲಿ ಕೂರಿಸಿ ಗಾಳಿ ಬದಲಾಯಿಸ್ತಾ ಟೆಸ್ಟ್ ಕೊಟ್ಟಿದ್ರು, 2015ರಲ್ಲಿ ಬಂತು ಆ ಪೇಪರ್, 1,400 ಪಿಪಿಎಂ ಇದ್ದ ದಿನ ಯೋಚನೆ ಮಾಡಿ ತೀರ್ಮಾನ ತಗೊಳ್ಳೋ ಸ್ಕೋರ್ ಅರ್ಧದಷ್ಟು ಬಿದ್ದಿತ್ತು. ಬೇರೆ ಕೆಲವು ಸ್ಟಡಿಗಳಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಕಂಡಿಲ್ಲ, ಅದನ್ನೂ ಹೇಳ್ಬೇಕು. ಆದ್ರೂ ನಂಬರ್ ಮೇಲೆ ಹೋದಷ್ಟೂ ಹೊಸ ಗಾಳಿ ಸಾಕಾಗ್ತಿಲ್ಲ ಅನ್ನೋದಂತೂ ಖಾತ್ರಿ.

ನನಗೆ ಇದು ಇಷ್ಟ ಆಗಿದ್ದೇ ಇದಕ್ಕೆ. ತಲೆನೋವು ಅಂತ ಹೇಳ್ಕೊಂಡು ಹೋದ್ರೆ ನೀರು ಕುಡೀರಿ, ಬೇಗ ಮಲ್ಕೊಳ್ಳಿ ಅಂತ ಕಳಿಸ್ತಾರೆ, ಗ್ರಾಫ್ ತಗೊಂಡು ಹೋದ್ರೆ ಬಿಲ್ಡಿಂಗ್ ನೋಡ್ಕೊಳ್ಳೋ ಫೆಸಿಲಿಟಿಯವ್ರು ಕೂತು ನೋಡ್ತಾರೆ. ನಮ್ಮಲ್ಲಿ ಹಾಗೇ ಆಗಿದ್ದು, ಹೊರಗಿನ ಗಾಳಿ ಬರೋ ಡ್ಯಾಂಪರ್, ಅಂದ್ರೆ ಗಾಳಿ ಕೊಳವೆಲಿರೋ ಮುಚ್ಚಳ, ಪೂರ್ತಿ ಮುಚ್ಚಿತ್ತು, ತೆಗೆಸಿದ್ಮೇಲೆ ನಾವು ಕೂರೋ ಜಾಗದಲ್ಲಿ 900 ದಾಟೋದೇ ಅಪರೂಪ. ಮೀಟಿಂಗ್ ರೂಮ್ ಮಾತ್ರ ಇನ್ನೂ ಕಷ್ಟ, ಬಾಗಿಲು ತೆಗೆದಿಟ್ಕೊಂಡೇ ಕೂರ್ತೀವಿ.

ಇದು ಅಳೆಯದೇ ಇರೋದೂ ತುಂಬಾ ಇದೆ. ಹೊಸ ಪ್ಲೈವುಡ್ ಟೇಬಲ್ಲು, ಕಾರ್ಪೆಟ್ಟು, ಪೇಂಟಿಂದ ಬರೋ ಫಾರ್ಮಾಲ್ಡಿಹೈಡ್ ಥರದ ಕೆಮಿಕಲ್ಲು, ಸೀಲಿಂಗ್ ಮೇಲಿನ ಬೂಷ್ಟು, ಸಣ್ಣ ಧೂಳು, ಇದ್ಯಾವುದೂ ಇದಕ್ಕೆ ಕಾಣಲ್ಲ, ಹಸಿರು ತೋರಿಸ್ತಿದೆ ಅಂತ ಎಲ್ಲಾ ಚೆನ್ನಾಗಿದೆ ಅಂದ್ಕೊಬಾರ್ದು. ಹೊರಗೆ ಹೊಗೆ ಧೂಳು ಇರೋ ಕಡೆ ಕಿಟಕಿ ತೆಗೆದ್ರೆ ಈ ನಂಬರ್ ಇಳಿಯತ್ತೆ, ಶ್ವಾಸಕೋಶಕ್ಕೆ ಬೇರೆ ತೊಂದ್ರೆ ಬರತ್ತೆ, ಅಂಥ ಕಡೆ ಒಳ್ಳೆ ಫಿಲ್ಟರ್ ಬೇಕೇ ಬೇಕು.

ಬೆಲೆ ಜಾಸ್ತಿನೇ. ಒಬ್ಬರೇ ತಗೊಳ್ಳೋ ಬದ್ಲು ಟೀಮಲ್ಲಿ ಸೇರ್ಕೊಂಡು ಒಂದು ತಗೊಂಡ್ರೆ ಸಾಕು, ಒಂದೊಂದು ವಾರ ಒಂದೊಂದು ಕಡೆ ಇಡಿ, ಬಾಯಿ ಹತ್ರ ಮಾತ್ರ ಬೇಡ, ಉಸಿರು ತಾಗಿ ಸುಮ್ನೆ ಏರತ್ತೆ. ಅಗ್ಗದ್ದು ಬೇರೆ ಕಂಪನಿದು ತಗೊಳ್ಳೋರು ಎನ್‌ಡಿಐಆರ್ ಸೆನ್ಸರ್ (ಇನ್‌ಫ್ರಾರೆಡ್ ಬೆಳಕಿಂದ ನೇರವಾಗಿ ಕಾರ್ಬನ್ ಡೈಆಕ್ಸೈಡನ್ನೇ ಅಳೆಯೋದು) ಅಂತ ಬರೆದಿದ್ಯಾ ನೋಡ್ಕೊಳ್ಳಿ, ಇ-ಸಿಒಟು ಅಂತಿದ್ರೆ ಅದು ಬೇರೆ ಗ್ಯಾಸ್ ನೋಡಿ ಅಂದಾಜು ಹೇಳೋದು, ಸ್ಯಾನಿಟೈಸರ್ ಹಾಕ್ಕೊಂಡ್ರೂ ನಂಬರ್ ಏರತ್ತೆ, ಅದಕ್ಕೆ ದುಡ್ಡು ಹಾಕ್ಬೇಡಿ.